ಬ್ಯಾಕ್ ಪ್ಲೇಟಿಗೆ ಬೀಡು: ಗೋಕುಲ ರೋಡಿನ ಸಣ್ಣ ಫೌಂಡ್ರಿ

ಮನೆಯ ಲೇತಿಗೆ ಇಆರ್-32 ಕಾಲೆಟ್ ಚಕ್ (ರಾಡನ್ನು ಸುತ್ತಲೂ ಸಮನಾಗಿ ಬಿಗಿದು ಹಿಡಿಯುವ ಸಾಧನ) ತಂದರೆ, ಅದನ್ನು ಲೇತಿನ ಸ್ಪಿಂಡಲ್‌ಗೆ, ಅಂದರೆ ತಿರುಗುವ ದಂಡಕ್ಕೆ, ಕೂರಿಸಲು ಸಾಮಾನ್ಯವಾಗಿ ಬ್ಯಾಕ್ ಪ್ಲೇಟ್ ಬೇಕು. ಹುಬ್ಬಳ್ಳಿ ಗೋಕುಲ ರೋಡಿನ ಒಂದು ಸಣ್ಣ ಫೌಂಡ್ರಿಯಲ್ಲಿ ಅದಕ್ಕೆ ಬೀಡಿನ (ಎರಕದ ಕಬ್ಬಿಣದ) ತುಂಡು ಎರಕ ಹಾಕಿಸಿದೆ. ಮಾಲು ಚೆನ್ನಾಗಿದೆ. ಬೋರ್ ಮಾಡಿದಾಗ ಒಳಗೆ ಒಂದು ಗಾಳಿಗುಳ್ಳೆಯೂ ಇರಲಿಲ್ಲ, ಕಪ್ಪು ಪುಡಿ ಒಂದೇ ಸಮ ಉದುರಿತು. ಮೇಲಿನ ಸಿಪ್ಪೆ ಮಾತ್ರ ಗಟ್ಟಿ. ಮೊದಲ ಕಟ್ ಅದರ ಕೆಳಗೇ ಹೋಗಬೇಕು, ಇಲ್ಲಾಂದ್ರೆ ಟೂಲಿನ ತುದಿ ಹೋಗುತ್ತದೆ. ಹೇಳಿದ ದಿನಕ್ಕೆ ಕೊಡಲಿಲ್ಲ, ಅದೊಂದೇ ಬೇಸರ.

ಪೂರ್ತಿ ಕೆಲಸ ನಾವೇ ಮುಗಿಸಿ ಕೊಡುತ್ತೇವೆ ಅಂದರು. ಬೇಡ ಅಂದೆ. ಬ್ಯಾಕ್ ಪ್ಲೇಟಿನಲ್ಲಿ ಚಕ್ ಕೂರುವ ಮುಖ, ಚಕ್ಕಿನ ಹಿಂಬದಿ ಸಿಕ್ಕಿಕೊಳ್ಳುವ ಮೆಟ್ಟಿಲು ಎರಡನ್ನೂ ನಮ್ಮ ಸ್ಪಿಂಡಲ್ ಮೇಲೇ ಟರ್ನ್ ಮಾಡಬೇಕು. ಆಗಲೇ ಅದು ಆ ಸ್ಪಿಂಡಲ್‌ಗೆ ಸರಿಯಾಗಿ ತಿರುಗೋದು, ಅಲ್ವಾ? ಕೊನೆಗೆ ಮೆಟ್ಟಿಲಿನಿಂದ ಕೂದಲೆಳೆಯಷ್ಟೇ ತೆಗೆಯುತ್ತಾ, ಚಕ್ಕನ್ನೇ ಹಿಡಿದು ನೋಡುತ್ತಾ ಹೋದೆ. ಕೈಯಲ್ಲಿ ಒತ್ತಿದರೆ ಕೂರಬೇಕು, ಕೂತ ಮೇಲೆ ಅಲುಗಬಾರದು. ಬೋಲ್ಟ್ ಬಿಗಿದು ಚಕ್ಕಿನ ಒಳಗಿನ ಟೇಪರಿಗೆ (ಇಳಿಜಾರು ಬಾಯಿಗೆ) ಓಲಾಟ ಅಳೆಯುವ ಡಯಲ್ ಗೇಜ್ ಹಚ್ಚಿದೆ. ಮುಳ್ಳು 0.01 ಮಿ.ಮೀ. ಗೆರೆ ದಾಟಲಿಲ್ಲ. ತುಂಬಾ ಖುಷಿಯಾಯಿತು. 20 ಮಿ.ಮೀ.ವರೆಗಿನ ರಾಡನ್ನು ಈಗ ಕಲೆ ಬೀಳದಂತೆ ಹಿಡಿಯುತ್ತದೆ. ಮುಂದಿನ ಬೀಡಿನ ಕೆಲಸಕ್ಕೂ ಅಲ್ಲಿಗೇ ಹೋಗುತ್ತೇನೆ.