9 ಎಂಎಂ ಕಾರ್ಬೈಡ್ ಕ್ರಿಂಪ್ ಡೈ: ಕೆಲವು ವರ್ಷ ಬಳಸಿದ ಮೇಲೆ

ಕೈಯಾರೆ ತುಂಬಿದ ತೋಟಾ ಚೇಂಬರಿಗೆ (ಬ್ಯಾರೆಲಿನ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿಗೆ) ಪೂರ್ತಿ ಹೋಗ್ತಿಲ್ಲ, ಪಿಸ್ತೂಲಿನ ಸ್ಲೈಡ್ ಕೂದಲೆಳೆಯಷ್ಟು ಹಿಂದೆಯೇ ನಿಲ್ತಿದೆ ಅಂತ ಇಲ್ಲಿ ಟೆಕ್ಸಾಸಿನ ಯಾವ ಶೂಟಿಂಗ್ ರೇಂಜಿನಲ್ಲಿ ಗೊಣಗಿದರೂ ಸಿಗುವ ಸಲಹೆ ಒಂದೇ: ಗಟ್ಟಿ ಕಾರ್ಬೈಡ್ ಉಂಗುರ ಇರುವ ಕ್ರಿಂಪ್ ಡೈ (ತುಂಬಿದ ತೋಟಾದ ಬಾಯಿ ಬಿಗಿಸುವ ಅಚ್ಚು) ತಗೊಳ್ಳಿ. ತಗೊಂಡೆ. (ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಕೆಯ ಅಳತೆ). ಹಾಗಾಗಿ ಇದು ಹೊರಗಿರುವ ನಮ್ಮವರಿಗಷ್ಟೇ ಉಪಯೋಗಕ್ಕೆ ಬರುವ ವಿಮರ್ಶೆ.)

ಗುಂಡು ಕೂರಿಸಲೆಂದು ಅಗಲಿಸಿದ್ದ ಕೇಸಿನ (ತೋಟಾದ ಹಿತ್ತಾಳೆ ಕೊಳವೆಯ) ಬಾಯನ್ನು ಈ ಡೈ ಮತ್ತೆ ನೇರ ಮಾಡುತ್ತದೆ. ಜೊತೆಗೆ ಒಳಗಿನ ಉಂಗುರ ತಯಾರಾದ ತೋಟಾದ ಮೈಯನ್ನೆಲ್ಲ ಸವರಿ, ಉಬ್ಬಿದ್ದನ್ನು ಅಳತೆಗೆ ತರುತ್ತದೆ. ತಾಮ್ರದ ಕವಚದ 0.355 ಇಂಚಿನ ಗುಂಡಿಗೆ ಇದರಷ್ಟು ನೆಮ್ಮದಿ ಬೇರೆ ಇಲ್ಲ. ರೇಂಜಿನಲ್ಲಿ ಹೆಕ್ಕಿದ ತರಾವರಿ ಕೇಸುಗಳೂ ಗೇಜಿನಲ್ಲಿ (ತೋಟಾದ ಅಳತೆ ಪರೀಕ್ಷಿಸುವ ತೂತಿನ ಅಚ್ಚಿನಲ್ಲಿ) ಸಲೀಸಾಗಿ ಇಳಿಯುತ್ತವೆ. ಆದರೆ ಹಿಂಡುವುದರಲ್ಲಿ ಹಿಡಿತ ಇರಲಿ. 9 ಎಂಎಂ ತೋಟಾ ಚೇಂಬರಿನಲ್ಲಿ ನಿಲ್ಲುವುದೇ ಕೇಸಿನ ಬಾಯಂಚಿನ ಮೇಲೆ. ಬಾಯಿಯ ಹತ್ತಿರ 0.378ರಿಂದ 0.380 ಇಂಚು ಬಂದರೆ ಸಾಕು.

ತಕರಾರು ಇರುವುದು ಲೇಪನದ ಸೀಸದ ಗುಂಡಿನಲ್ಲಿ. ಅದರ ಅಳತೆ 0.356 ಇಂಚು. ಉಂಗುರ ಕೇಸಿನ ಜೊತೆ ಒಳಗಿನ ಗುಂಡನ್ನೂ ಅಮುಕಿಬಿಡುತ್ತದೆ. ಹಿತ್ತಾಳೆ ಆಮೇಲೆ ಚೂರು ಹಿಂದಕ್ಕೆ ಚಿಮ್ಮುತ್ತದೆ, ಸೀಸ ಚಿಮ್ಮುವುದಿಲ್ಲ. ಪರಿಣಾಮ, ಬಿಗಿ ಬೇಕಾದಲ್ಲೇ ಸಡಿಲ. ಒಂದನ್ನು ಕಿತ್ತು ಅಳೆದು ನೋಡಿ, ಗೊತ್ತಾಗುತ್ತದೆ. ಹಾಗೆ ಸಣಕಲಾದ ಗುಂಡು ಕಾಗದದ ಗುರಿಯಲ್ಲಿ ದುಂಡು ತೂತಿನ ಬದಲು ಅಡ್ಡಡ್ಡ ಹರಿದ ಗುರುತು ಬಿಡುತ್ತದೆ, ಬ್ಯಾರೆಲಿನಲ್ಲಿ ಸೀಸ ಮೆತ್ತುತ್ತದೆ.

ಇದಕ್ಕಿಂತ ದೊಡ್ಡ ಮಾತು: ನನ್ನ ಸಿಝಡ್ 75 ಪಿಸ್ತೂಲಿನ ತೊಂದರೆ ಈ ಡೈ ಸರಿಪಡಿಸುವಂಥದ್ದೇ ಆಗಿರಲಿಲ್ಲ. ಪತ್ತೆ ಮಾಡುವ ದಾರಿ ಪುಕ್ಕಟೆ. ಪಿಸ್ತೂಲು ಖಾಲಿ ಮಾಡಿ ಬ್ಯಾರೆಲ್ ಬಿಚ್ಚಿ, ಚೇಂಬರಿನಲ್ಲಿ ಸಲೀಸಾಗಿ ತಿರುಗದ ತೋಟಾಕ್ಕೆ ಕಪ್ಪು ಮಾರ್ಕರ್ ಬಳಿದು ಚೇಂಬರಿಗೆ ಬಿಟ್ಟು ಒಮ್ಮೆ ಹೊರಳಿಸಿ ತೆಗೆಯಿರಿ. ಬಣ್ಣ ಕೇಸಿನ ಬಾಯಲ್ಲಿ ಕೆರೆದಿದ್ದರೆ ಕ್ರಿಂಪ್ ಕಡಿಮೆ. ಬುಡದ ಹತ್ತಿರ ಕೆರೆದಿದ್ದರೆ ಖಾಲಿ ಕೇಸನ್ನು ಅಳತೆಗೆ ತರುವ ಸೈಜಿಂಗ್ ಡೈ ಇನ್ನೂ ಕೆಳಗಿಳಿಯಬೇಕು. ಗುಂಡಿನ ಭುಜದ ಮೇಲೆ ಗೆರೆ ಗೆರೆಯಾಗಿ ಹೋಗಿದ್ದರೆ ಗುಂಡು ರೈಫ್ಲಿಂಗಿಗೆ (ಬ್ಯಾರೆಲಿನ ಒಳಗಿನ ಸುರುಳಿ ಗೆರೆಗಳಿಗೆ) ತಾಗುತ್ತಿದೆ, ಅಂದರೆ ತೋಟಾ ಉದ್ದ ಜಾಸ್ತಿ. ನನ್ನದು ಈ ಮೂರನೆಯದು. 9 ಎಂಎಂ ತೋಟಾದ ಗರಿಷ್ಠ ಉದ್ದ 1.169 ಇಂಚು ಅಂತ ಮಾನದಂಡ ಹೇಳುತ್ತದೆ ನಿಜ, ಆದರೆ ಸಿಝಡ್ ಬ್ಯಾರೆಲಿನಲ್ಲಿ ರೈಫ್ಲಿಂಗ್ ಬೇಗ ಶುರುವಾಗುತ್ತದೆ. ಚಪ್ಪಟೆ ಮೂತಿಯ ಗುಂಡಾದರೆ ಇನ್ನೂ ಗಿಡ್ಡವೇ ಬೇಕು. ಅದೇ ತೋಟಾ ಗೆಳೆಯನ ಗ್ಲಾಕ್‌ನಲ್ಲಿ ಚಕಾರ ಎತ್ತದೆ ಓಡುತ್ತದೆ. ಗೇಜಿಗೆ ಇದ್ಯಾವುದೂ ಕಾಣಿಸುವುದಿಲ್ಲ. ಅದು ನೋಡುವುದು ಕೇಸನ್ನು.

ತೋಟಾ ಗಿಡ್ಡ ಮಾಡಲು ಗುಂಡನ್ನು ಕೇಸಿನ ಒಳಗಿಳಿಸುವಾಗ ಮಾತ್ರ ಜೋಕೆ. ಇಷ್ಟು ಪುಟ್ಟ ಕೇಸಿನಲ್ಲಿ ಜಾಗ ಚೂರು ಕಮ್ಮಿಯಾದರೂ ಒತ್ತಡ ಜರ್ರನೆ ಏರುತ್ತದೆ. ಹೊಸ ಉದ್ದಕ್ಕೆ ಮದ್ದನ್ನು ಕೈಪಿಡಿಯ ಆರಂಭದ ತೂಕದಿಂದಲೇ ಮತ್ತೆ ಶುರುಮಾಡಿ. ತೋಟಾದ ಮೂತಿಯನ್ನು ಮೇಜಿಗೆ ಒತ್ತಿ ಅಳೆದಾಗ ಉದ್ದ ಇಳಿದರೆ ಗುಂಡು ಒಳಗೆ ಜಾರಿದೆ ಅಂತ, ಆ ತೋಟಾ ಪಕ್ಕಕ್ಕಿಡಿ.

ಐದಕ್ಕೆ ಮೂರೂವರೆ. ತಾಮ್ರದ ಕವಚದ ಗುಂಡಿನವರು ಕಣ್ಣುಮುಚ್ಚಿ ಕೊಳ್ಳಬಹುದು. ಸೀಸದವರಿಗೆ ಬಾಯನ್ನಷ್ಟೇ ಬಿಗಿಸುವ, ಉಂಗುರವಿಲ್ಲದ ಸಾದಾ ಟೇಪರ್ ಕ್ರಿಂಪ್ ಡೈ ಸಾಕು.