ರೋಬೋ ಕೀಪರ್: ಎರಡು ಮಳೆಗಾಲ ಬಳಸಿದ ಮೇಲೆ

ಫುಟ್‌ಬಾಲ್ ಗೋಲಿನಲ್ಲಿ ನಿಂತು ತಾನೇ ಬಾಲ್ ತಡೆಯುವ ಈ ಮಷೀನಿಗೆ, ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 3 ಸ್ಟಾರ್. ಬಿಡಿಸಿ ಕೊಡುವುದಾದರೆ ಕ್ಯಾಮೆರಾಗೆ ನಾಲ್ಕೂವರೆ, ಮೋಟಾರಿಗೆ ಎರಡು. ಕಂಪನಿಯ ಸರ್ವಿಸ್‌ಗೆ ಒಂದು ಕೊಟ್ಟರೂ ಜಾಸ್ತಿಯೇ. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಮಷೀನು ಯಾರದೇ ಆಗಿರಲಿ, ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ.

ನಾನೂ ಇಬ್ಬರು ಗೆಳೆಯರೂ ಸೇರಿ ಬೆಳಗಾವಿಯಲ್ಲಿ ರೈಲ್ವೆಯ ಮೂರನೇ ಗೇಟಿನ ಆಚೆ ಕೃತಕ ಹುಲ್ಲಿನ ಒಂದು ಫುಟ್‌ಬಾಲ್ ಟರ್ಫ್ ನಡೆಸುತ್ತೇವೆ. ಸಂಜೆ ಹೊತ್ತು ಮಕ್ಕಳ ಬ್ಯಾಚ್ ನನ್ನ ಪಾಲಿಗೆ. ಗೋವಾ ಪಕ್ಕದಲ್ಲೇ ಇದೆ ಅಂತಲೋ, ಕ್ಯಾಂಪಿನ (ದಂಡು ಪ್ರದೇಶದ) ಶಾಲೆಗಳಿಂದಲೋ, ಸೇನೆಯ ಮರಾಠಾ ಲೈಟ್ ಇನ್‌ಫೆಂಟ್ರಿಯವರ ಆಟ ನೋಡಿಯೋ, ಈ ಊರಿಗೆ ಫುಟ್‌ಬಾಲ್ ಹುಚ್ಚು ಹಳೆಯದು. ಲೇಲೆ ಮೈದಾನದ ಅಂಚಿನಲ್ಲಿ ನಿಂತು ಬೈದು ಬೈದು ಆಟ ಕಲಿಸುವ ಹಿರಿಯರು ಇನ್ನೂ ಇದ್ದಾರೆ. ಆದರೆ ಟರ್ಫ್‌ಗಳು ಈಗ ಎಲ್ಲಾ ಕಡೆ ಆಗಿವೆ. ಗಿರಾಕಿ ಬರಬೇಕೆಂದರೆ ಏನಾದರೂ ಹೊಸದು ಬೇಕು. ಹಾಗಾಗಿ ರೋಬೋ ಕೀಪರ್ ಬಂತು.

ನೋಡಲು ಅಂಥ ರೋಬೋ ಏನೂ ಅಲ್ಲ. ಕೈ ಮೇಲೆತ್ತಿ ನಿಂತ ಒಂದು ಚಪ್ಪಟೆ ಫೋಮ್ ಗೊಂಬೆ. ಗೋಲಿನ ನಡುವೆ, ನೆಲದ ಹತ್ತಿರ ಒಂದು ಶಾಫ್ಟ್. ಮೋಟಾರು ಆ ಶಾಫ್ಟ್ ತಿರುಗಿಸಿದರೆ ಗೊಂಬೆ ಎಡಕ್ಕೋ ಬಲಕ್ಕೋ ಮಲಗುತ್ತದೆ. ಅಷ್ಟೇ. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಫ್ರಾನ್‌ಹೋಫರ್ ಸಂಸ್ಥೆಯವರು ಮಾಡಿದ ರೋಬೋಕೀಪರ್‌ನ ವಿಡಿಯೋ ತುಂಬಾ ಜನ ನೋಡಿರುತ್ತೀರಿ. ಜಪಾನಿನ ಟಿವಿಯಲ್ಲಿ ಮೆಸ್ಸಿ ಅದರ ಎದುರು ನಿಂತು ಒದ್ದ. ನಮ್ಮಲ್ಲಿರುವುದು ಅದೇ ಜಾತಿಯ, ಚಿಕ್ಕ ಗೋಲಿಗೆ ಹೊಂದುವ ಮಷೀನು. ಗೋಲಿನ ಅಗಲ 3 ಮೀಟರ್, ಎತ್ತರ 2 ಮೀಟರ್. ಪೆನಾಲ್ಟಿ ದೂರ 6 ಮೀಟರ್.

ನಿಜವಾದ ಚಮತ್ಕಾರ ಮೇಲೆ ಕಟ್ಟಿರುವ ಎರಡು ಕ್ಯಾಮೆರಾಗಳಲ್ಲಿದೆ. ಸೆಕೆಂಡಿಗೆ 120 ಚಿತ್ರ ತೆಗೆಯುತ್ತವೆ. ಒಂದೇ ಕ್ಯಾಮೆರಾ ಇದ್ದರೆ ಬಾಲ್ ಯಾವ ದಿಕ್ಕಿನಲ್ಲಿದೆ ಅಂತ ಗೊತ್ತಾಗುತ್ತದೆ, ಎಷ್ಟು ದೂರದಲ್ಲಿದೆ ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಎರಡು ಕಡೆಯಿಂದ ನೋಡಿದರೆ ಜಾಗ ಸಿಗುತ್ತದೆ. ಹಾಗೆ ಸಿಕ್ಕ ಹತ್ತಾರು ಜಾಗಗಳನ್ನು ಜೋಡಿಸಿ, ಬಾಲ್ ಗೋಲ್ ಲೈನಿಗೆ ಎಲ್ಲಿ ಬರುತ್ತದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಗಂಟೆಗೆ 72 ಕಿ.ಮೀ. ವೇಗದ ಶಾಟ್ ಅಂದರೆ ಸೆಕೆಂಡಿಗೆ 20 ಮೀಟರ್. 6 ಮೀಟರ್ ದಾಟಲು 0.3 ಸೆಕೆಂಡ್. ಅಷ್ಟರಲ್ಲಿ ಸಿಗುವುದು 36 ಚಿತ್ರ. ಮೊದಲ ಹತ್ತರಲ್ಲೇ ಮಷೀನು ತೀರ್ಮಾನ ಮಾಡಿಬಿಟ್ಟರೆ ಮೋಟಾರಿಗೆ ಉಳಿಯುವುದು 0.2 ಸೆಕೆಂಡ್ ಚಿಲ್ಲರೆ. ಮನುಷ್ಯನಿಗೆ ಬಾಲ್ ಕಂಡು ಕೈಕಾಲು ಅಲ್ಲಾಡಿಸಲು ಶುರು ಮಾಡಲಿಕ್ಕೇ ಅಷ್ಟು ಹೊತ್ತು ಬೇಕು.

ಮೊದಲ ದಿನಗಳಲ್ಲಿ ಜಾತ್ರೆ. 10 ಕಿಕ್‌ಗೆ 50 ರೂಪಾಯಿ ಇಟ್ಟಿದ್ದೆವು. ಕಾಲೇಜು ಹುಡುಗರು, ಆಫೀಸ್ ಮುಗಿಸಿ ಬಂದವರು, ಬರ್ತ್‌ಡೇ ಪಾರ್ಟಿಗಳು, ಎಲ್ಲಾ ಬಂದರು. ಆ ಹುರುಪು ಬೇಗ ಇಳಿಯಿತು. ಬರೀ ಮನರಂಜನೆಗೆ ಇದನ್ನು ಹಾಕಿಸುವ ಯೋಚನೆ ಇದ್ದರೆ ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಎರಡನೇ ಸಲ ಬಂದವರು ಹೆಚ್ಚಾಗಿ ಗೆಳೆಯರನ್ನು ತೋರಿಸಲು ಕರೆತಂದವರೇ.

ತೊಂದರೆಗಳಿಗೆ ಬರೋಣ. ಮೊದಲನೆಯದು ದೀಪ. ಹಗಲು ಚೆನ್ನಾಗಿ ತಡೆಯುತ್ತಿದ್ದ ಮಷೀನು ರಾತ್ರಿ ಸುಮ್ನೆ ನಿಂತುಬಿಡುತ್ತಿತ್ತು. ಕಂಪನಿಯವರು ಫೋನಿನಲ್ಲಿ "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ" ಅಂತ ಒಂದೇ ಮಂತ್ರ. ಕೊನೆಗೆ ಹಿಡಿದದ್ದು ನಮ್ಮ ಎಲೆಕ್ಟ್ರಿಷಿಯನ್. ಮೊಬೈಲಿನ ಸ್ಲೋ ಮೋಷನ್ ಹಾಕಿ ದೀಪದ ಕಡೆ ಹಿಡಿದು, "ನೋಡ್ರಿ ಸರ, ಲೈಟ ಹೆಂಗ ಕಣ್ಣ ಹೊಡ್ಯಾಕತ್ತಾವು" ಅಂದ. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಸುತ್ತಿಗೆ ಎರಡು ಸಲದಂತೆ, ಅಗ್ಗದ ಎಲ್‌ಇಡಿ ಫ್ಲಡ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. 120 ಚಿತ್ರ ತೆಗೆಯುವ ಕ್ಯಾಮೆರಾಗೆ ಒಂದು ಚಿತ್ರ ಬೆಳಕಾಗಿ, ಇನ್ನೊಂದು ಮಬ್ಬಾಗಿ ಸಿಗುತ್ತದೆ. ಮಬ್ಬಿನಲ್ಲಿ ಬಾಲ್ ಕಳೆದುಹೋಗುತ್ತದೆ. ಗೋಲಿನ ಬದಿಯ ದೀಪಗಳಿಗೆ ಒಳ್ಳೆಯ ಡ್ರೈವರ್ (ಮಿನುಗದಂತೆ ಕರೆಂಟ್ ಕೊಡುವ ಭಾಗ) ಹಾಕಿಸಿದ ಮೇಲೆ ಸರಿಹೋಯಿತು. ಈ ಖರ್ಚು ಕೊಟೇಶನ್‌ನಲ್ಲಿ ಇರಲಿಲ್ಲ.

ಎರಡನೆಯದು ಬಿಳಿ ಬಣ್ಣ. ಬಾಲ್ ಯಾವುದು, ಸಾಕ್ಸ್ ಯಾವುದು ಅಂತ ಮಷೀನಿಗೆ ಕೆಲವೊಮ್ಮೆ ತಿಳಿಯುವುದಿಲ್ಲ. ಬಿಳಿ ಬೂಟು ಹಾಕಿದ ಹುಡುಗ ಕಾಲು ಬೀಸಿದರೆ ಸಾಕು, ಬಾಲ್ ಇನ್ನೂ ನೆಲದಲ್ಲೇ ಇರುವಾಗ ಗೊಂಬೆ ಮಲಗಿಬಿಡುತ್ತಿತ್ತು. ಮಕ್ಕಳು ಇದನ್ನು ಎಷ್ಟು ಬೇಗ ಕಂಡುಹಿಡಿದರು ಅಂದರೆ, ಬಿಳಿ ಬೂಟು ಬಾಡಿಗೆಗೆ ಕೊಡುವ ವ್ಯವಹಾರವೇ ಶುರುವಾಗಿತ್ತು. ಇದು ನಮ್ಮೊಬ್ಬರ ಗೋಳಲ್ಲ. 2020ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ತಾನೇ ಬಾಲ್ ಹಿಂಬಾಲಿಸುವ ಕ್ಯಾಮೆರಾ ಲೈನ್ಸ್‌ಮನ್‌ನ ಬೋಳು ತಲೆಯನ್ನೇ ಬಾಲ್ ಅಂದುಕೊಂಡು ಅದರ ಹಿಂದೆ ಹೋಗಿತ್ತು. ಮನೆಯಲ್ಲಿ ಕೂತು ಮ್ಯಾಚ್ ನೋಡುತ್ತಿದ್ದವರಿಗೆ ಆಟದ ಬದಲು ತಲೆ ಕಂಡಿತು. ನಮ್ಮ ಬೆಳಗಿನ ಬ್ಯಾಚಿನ ಹಿರಿಯರೊಬ್ಬರು ಈ ಸುದ್ದಿ ಕೇಳಿದ ದಿನದಿಂದ ಟೋಪಿ ಹಾಕಿಕೊಂಡು ಬರುತ್ತಾರೆ. ಈಗ ಕಡು ಕಿತ್ತಳೆ ಬಣ್ಣದ ಬಾಲ್ ಇಟ್ಟಿದ್ದೇವೆ. ಅದಕ್ಕೂ ಕೆಂಪು ಮಣ್ಣು ಹತ್ತಿದರೆ ಕಥೆ ಮುಗಿಯಿತು, ಪ್ರತಿ ಬ್ಯಾಚ್ ಆದಮೇಲೆ ಒರೆಸಬೇಕು.

ಇನ್ನು ಮಳೆ. ಬೆಳಗಾವಿಯ ಮಳೆ ಮೇಲಿಂದ ಬೀಳುವುದಕ್ಕಿಂತ ಅಡ್ಡ ಬರುವುದೇ ಜಾಸ್ತಿ, ಗೊತ್ತಲ್ವಾ? ಕ್ಯಾಮೆರಾ ಗಾಜಿನ ಮೇಲೆ ಒಂದು ಹನಿ ನಿಂತರೂ ಬಾಲಿನ ಜಾಗ ತಪ್ಪಾಗಿ ಸಿಗುತ್ತದೆ. ತಗಡಿನ ಮಾಡು ಹಾಕಿದೆವು. ಜುಲೈ ತಿಂಗಳಲ್ಲಿ ಅದೂ ಸಾಲದು. ಆ ತಿಂಗಳ ಗಳಿಕೆಯನ್ನು ಲೆಕ್ಕದಿಂದಲೇ ತೆಗೆದುಬಿಡಿ.

ಸರ್ವಿಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಸಂಜೆ ಗೊಂಬೆ ಎಡಕ್ಕೆ ಮಲಗಿದ್ದು ಏಳಲೇ ಇಲ್ಲ. ಮೋಟಾರು ತಿರುಗುವ ಸದ್ದು ಬರುತ್ತಿತ್ತು, ಶಾಫ್ಟ್ ತಿರುಗುತ್ತಿರಲಿಲ್ಲ. ಕಂಪನಿಗೆ ಫೋಟೋ ಕಳಿಸಿದೆವು, ವಿಡಿಯೋ ಕಳಿಸಿದೆವು. "ಇಡೀ ಯೂನಿಟ್ ಕಳಿಸಿ, ಸಾಗಾಟದ ಖರ್ಚು ನಿಮ್ಮದು" ಅಂದರು. ಬಿಚ್ಚಿ ನೋಡಿದರೆ ಗೇರಿಗೂ ಶಾಫ್ಟಿಗೂ ನಡುವೆ ಸಿಕ್ಕಿಸಿ ಎರಡನ್ನೂ ಒಟ್ಟಿಗೆ ತಿರುಗಿಸುವ ಕೀ ತುಂಡಾಗಿತ್ತು. ಬೆರಳಿನ ಉದ್ದವೂ ಇಲ್ಲದ ಕಬ್ಬಿಣದ ಚೂರು. ಉದ್ಯಮಬಾಗ್‌ನಲ್ಲಿ, ನಮ್ಮೂರ ಕೈಗಾರಿಕಾ ಪ್ರದೇಶದಲ್ಲಿ, ಪರಿಚಯದವರ ವರ್ಕ್‌ಶಾಪಿಗೆ ಒಯ್ದೆ. ಮೇಸ್ತ್ರಿ ಕಾಕಾ ಅದನ್ನು ಅಂಗೈ ಮೇಲೆ ಹೊರಳಿಸಿ ನೋಡಿ, "ಇದು ಮೆತ್ತನ್ನ ಮಾಲ ಐತ್ರಿ. ನಿಮ್ಮ ಗೊಂಬಿ ಗಳಿಗಿಗೊಮ್ಮೆ ಝಟಕಾ ಕೊಡತೈತಿ, ತಡೀತೈತೇನ್ರಿ?" ಅಂದರು. ಅವತ್ತೇ ಗಟ್ಟಿ ಉಕ್ಕಿನಲ್ಲಿ ಹೊಸದು ಮಾಡಿಕೊಟ್ಟರು. ಅದು ಇವತ್ತಿಗೂ ಓಡುತ್ತಿದೆ. ಫೌಂಡ್ರಿ, ಲೇಥು ಕೈಗೆಟಕುವ ಊರಲ್ಲಿ ಇದ್ದೇವೆ, ಬದುಕಿದೆವು. ಬೇರೆ ಊರಿನವರು ಕೊಳ್ಳುವ ಮೊದಲು ಬಿಡಿ ಭಾಗ ಎಲ್ಲಿ ಸಿಗುತ್ತದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಸುರಕ್ಷತೆಯ ಮಾತಿಗೆ ಬಂದರೆ ತಕರಾರಿಲ್ಲ. ಗೋಲಿನ ಮುಂದೆ ಒಂದು ಸೆನ್ಸರ್ ಗೆರೆ ಇದೆ. ಯಾರಾದರೂ ಅದನ್ನು ದಾಟಿದರೆ ಮೋಟಾರು ನಿಲ್ಲುತ್ತದೆ. ಅಷ್ಟು ಜೋರಾಗಿ ಬೀಸುವ ಗೊಂಬೆ ಮಗುವಿನ ಮುಖಕ್ಕೆ ಬಡಿದರೆ ಗತಿ ಏನು? ಹಾಗಾಗಿ ಗೆರೆ ಬೇಕೇ ಬೇಕು. ಆದರೆ ಅದರಿಂದ ರೀಬೌಂಡ್ ಆಟ ಸತ್ತುಹೋಗುತ್ತದೆ. ಕೀಪರ್ ತಡೆದ ಬಾಲಿನ ಮೇಲೆ ನುಗ್ಗುವುದು ಸ್ಟ್ರೈಕರ್‌ನ ಅರ್ಧ ಕೆಲಸ, ಅದನ್ನು ಇಲ್ಲಿ ಕಲಿಸಲು ಆಗುವುದಿಲ್ಲ.

ಆ್ಯಪ್ ತೋರಿಸುವ ಸ್ಪೀಡ್ ಪೂರ್ತಿ ನಂಬಬೇಡಿ. ನಾನೇ ಪರೀಕ್ಷೆ ಮಾಡಿದೆ. ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ ಇಟ್ಟು, ಕಾಲಿಗೆ ಬಾಲ್ ತಗುಲಿದ ಚಿತ್ರದಿಂದ ಗೋಲ್ ಲೈನ್ ಮುಟ್ಟಿದ ಚಿತ್ರದವರೆಗೆ ಎಣಿಸಿದೆ. 90 ಬಂತು. ಅಂದರೆ 6 ಮೀಟರಿಗೆ 0.375 ಸೆಕೆಂಡ್, ಗಂಟೆಗೆ ಸುಮಾರು 58 ಕಿ.ಮೀ. ಆ್ಯಪ್ ತೋರಿಸಿದ್ದು 64. ಒದ್ದ ಕ್ಷಣದ ವೇಗ ಸ್ವಲ್ಪ ಜಾಸ್ತಿ ಇರುತ್ತದೆ, ಗಾಳಿಗೆ ಕಮ್ಮಿಯಾಗುತ್ತಾ ಬರುತ್ತದೆ. ಅದಕ್ಕೆ ಒಂದೆರಡು ಕಿ.ಮೀ. ಬಿಟ್ಟರೂ ಮಿಕ್ಕಿದ್ದು ಗಿರಾಕಿಯನ್ನು ಖುಷಿಪಡಿಸಲು ಹಾಕಿದ್ದು ಅಂತ ನನ್ನ ಅನುಮಾನ. ಒಬ್ಬನದೇ ಶಾಟುಗಳನ್ನು ತಿಂಗಳಿಂದ ತಿಂಗಳಿಗೆ ಹೋಲಿಸಲು ಪರವಾಗಿಲ್ಲ.

ಗೋಲ್ ಆಯಿತೋ ಇಲ್ಲವೋ ಅನ್ನುವ ಜಗಳಕ್ಕೆ ಈ ಮಷೀನನ್ನು ರೆಫರಿ ಮಾಡಬೇಡಿ. ಇಡೀ ಬಾಲ್ ಗೆರೆ ದಾಟಬೇಕು ಅನ್ನುವುದು ನಿಯಮ. 72 ಕಿ.ಮೀ. ವೇಗದಲ್ಲಿ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಬಾಲ್ ಸುಮಾರು 17 ಸೆಂ.ಮೀ. ಹೋಗಿರುತ್ತದೆ. ಬಾಲಿನ ಅಗಲವೇ 22 ಸೆಂ.ಮೀ. ಗೋಲಿನ ಮೇಲಿನ ಅಡ್ಡ ಬಾರಿಗೆ ಬಡಿದು ಗೆರೆಯ ಒಳಗೆ ಬಿದ್ದು ಹೊರಗೆ ಬಂದರೆ ಎರಡು ಕ್ಯಾಮೆರಾ ಏನು ಹೇಳೀತು? 2010ರ ವಿಶ್ವಕಪ್‌ನಲ್ಲಿ ಜರ್ಮನಿ ಎದುರು ಇಂಗ್ಲೆಂಡಿನ ಲ್ಯಾಂಪಾರ್ಡ್ ಒದ್ದ ಬಾಲ್ ಒಳಗೆ ಬಿದ್ದದ್ದು ಜಗತ್ತಿಗೆಲ್ಲಾ ಕಂಡಿತು, ರೆಫರಿಗೆ ಕಾಣಲಿಲ್ಲ. 2012ರಲ್ಲಿ ಗೋಲ್ ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು. 2014ರ ವಿಶ್ವಕಪ್‌ನಲ್ಲಿ ಒಂದೊಂದು ಗೋಲಿಗೆ 7ರಂತೆ 14 ಕ್ಯಾಮೆರಾ ಇಟ್ಟರು. ಅಷ್ಟು ಇದ್ದರೂ ತಪ್ಪು ಆಗುವುದಿಲ್ಲ ಅಂತಲ್ಲ. 2020ರ ಜೂನ್‌ನಲ್ಲಿ ಆ್ಯಸ್ಟನ್ ವಿಲಾ ಮೈದಾನದಲ್ಲಿ ಶೆಫೀಲ್ಡ್ ಯುನೈಟೆಡ್ ಹೊಡೆದ ಬಾಲನ್ನು ಕೀಪರ್ ಗೆರೆಯ ಒಳಗೇ ತಬ್ಬಿಕೊಂಡು ನಿಂತಿದ್ದ. ಕೀಪರ್, ಡಿಫೆಂಡರ್, ಕಂಬ ಎಲ್ಲಾ ಅಡ್ಡ ಬಂದು ಒಂದು ಕ್ಯಾಮೆರಾಗೂ ಬಾಲ್ ಸರಿಯಾಗಿ ಕಾಣಲಿಲ್ಲ. ಗೋಲ್ ಕೊಡಲೇ ಇಲ್ಲ. ನಮ್ಮಲ್ಲಿ ಮಕ್ಕಳ ಜಗಳಕ್ಕೆ ಈಗಲೂ ನಾನೇ ರೆಫರಿ, ನನ್ನದೇ ಬೈಗುಳ.

ಇಷ್ಟೆಲ್ಲಾ ಹೇಳಿ ಕ್ಯಾಮೆರಾಗೆ ನಾಲ್ಕೂವರೆ ಯಾಕೆ ಅಂತೀರಾ? ಶಾಟ್ ಮ್ಯಾಪ್‌ಗಾಗಿ. ಒಬ್ಬ ಹುಡುಗನ ಒಂದು ತಿಂಗಳ ಶಾಟುಗಳನ್ನು ಗೋಲಿನ ಚಿತ್ರದ ಮೇಲೆ ಚುಕ್ಕೆಗಳಾಗಿ ತೋರಿಸುತ್ತದೆ. ನಮ್ಮ ಅತ್ಯಂತ ಜೋರಾಗಿ ಒದೆಯುವ ಹುಡುಗನ ಚುಕ್ಕೆಗಳೆಲ್ಲಾ ಕೀಪರ್‌ನ ಎಡಗೈ ಪಕ್ಕ, ಸೊಂಟದ ಎತ್ತರದಲ್ಲಿ ಗುಂಪಾಗಿ ಕೂತಿದ್ದವು. ಯಾವ ಕೀಪರ್‌ಗಾದರೂ ತಡೆಯಲು ಇದಕ್ಕಿಂತ ಸಲೀಸು ಎತ್ತರ ಇಲ್ಲ. ವರ್ಷಗಟ್ಟಲೆ ನಾನು ಬಾಯಿ ಬಡಿದುಕೊಂಡರೂ ಕೇಳದವನು ಆ ಚಿತ್ರ ನೋಡಿ ಸುಮ್ಮನಾದ. ಮುಂದಿನ ತಿಂಗಳು ಚುಕ್ಕೆಗಳು ಕೆಳಗಿನ ಮೂಲೆಗಳ ಕಡೆ ಸರಿಯತೊಡಗಿದವು.

ಆದರೆ ಅದೇ ಹುಡುಗ ನಿಜವಾದ ಮ್ಯಾಚಿನಲ್ಲಿ ಪೆನಾಲ್ಟಿ ಕಳೆದುಕೊಳ್ಳತೊಡಗಿದ. ಬಾಲ್ ಮೂಲೆಗೇ ಹೋಗುತ್ತಿತ್ತು, ಎದುರಾಳಿ ಕೀಪರ್ ಮೊದಲೇ ಅಲ್ಲಿ ಇರುತ್ತಿದ್ದ. ಕಾರಣ ಹೇಳಿದ್ದು ನಮ್ಮ ಕೀಪರ್, 9ನೇ ಕ್ಲಾಸಿನ ಹುಡುಗಿ. "ಸರ, ಅಂವ ಈಗ ಎಲ್ಲಿ ಒದೀಬೇಕೋ ಅಲ್ಲೇ ನೋಡ್ಕೋತ ಓಡಿ ಬರ್ತಾನ್ರಿ. ಒದಿಯೋಕಿಂತ ಮೊದ್ಲ ನನಗ ಗೊತ್ತಾಗತೈತಿ." ಅವಳು ಹೇಳಿದ್ದು ಸರಿ. ಮಷೀನು ಬಾಲನ್ನು ಮಾತ್ರ ನೋಡುತ್ತದೆ. ನಿಮ್ಮ ಕಣ್ಣು ಎಲ್ಲಿದೆ, ಊರಿದ ಕಾಲು ಯಾವ ಕಡೆ ತಿರುಗಿದೆ, ಅದಕ್ಕೆ ಬೇಕಾಗಿಲ್ಲ. ಹಾಗಾಗಿ ಅದರ ಎದುರು ಆಡಿದವನು ಯಾಮಾರಿಸುವುದನ್ನೇ ಬಿಟ್ಟುಬಿಡುತ್ತಾನೆ. 1976ರ ಯುರೋ ಫೈನಲ್‌ನಲ್ಲಿ ಚೆಕೊಸ್ಲೊವಾಕಿಯಾದ ಪನೆಂಕಾ ಪೆನಾಲ್ಟಿಗೆ ಓಡಿ ಬಂದು ಬಾಲನ್ನು ಮೆಲ್ಲಗೆ ನಡುವೆ ಎತ್ತಿ ಹಾಕಿದ. ಪಶ್ಚಿಮ ಜರ್ಮನಿಯ ಕೀಪರ್ ಸೆಪ್ ಮಾಯರ್ ಆಗಲೇ ಪಕ್ಕಕ್ಕೆ ಹಾರಿದ್ದ. ಆ ಶಾಟನ್ನು ನಮ್ಮ ಗೊಂಬೆಯ ಎದುರು ಹಾಕಿದರೆ ಅದು ಇದ್ದಲ್ಲೇ ನಿಂತು ಎದೆಗೆ ತಗೊಳ್ಳುತ್ತದೆ. ಯಾಮಾರಲು ಅದಕ್ಕೆ ಅವಸರವೇ ಇಲ್ಲ.

ಇನ್ನೊಂದು ಕಡೆ, ಗೊಂಬೆ ಬಂದ ಮೇಲೆ ಆ ಹುಡುಗಿಗೆ ಕೆಲಸವೇ ಇಲ್ಲದಂತಾಯಿತು. ಎಲ್ಲರೂ ಮಷೀನಿನ ಮುಂದೆ ಸಾಲು ನಿಲ್ಲುತ್ತಿದ್ದರು, ಅವಳು ನೆಟ್ ಪಕ್ಕ ಕೂತು ಬಾಲ್ ಒರೆಸುತ್ತಿದ್ದಳು. ಒಂದು ದಿನ ಕರೆಂಟ್ ಕೈಕೊಟ್ಟಿತು. ಯುಪಿಎಸ್ ಮೇಲೆ ಕಂಪ್ಯೂಟರ್ ಮತ್ತು ಕ್ಯಾಮೆರಾ ಮಾತ್ರ ನಡೆಯುತ್ತಿದ್ದವು, ಮೋಟಾರಿಗೆ ಶಕ್ತಿ ಇರಲಿಲ್ಲ. ಹಗಲಿನ ಬೆಳಕು ಇನ್ನೂ ಇತ್ತು. ನಾಲ್ಕು ಬೋಲ್ಟ್ ಬಿಚ್ಚಿ ಗೊಂಬೆ ತೆಗೆದೆವು, ಶಾಫ್ಟ್ ಮೇಲೆ ದಪ್ಪ ಪ್ಯಾಡ್ ಕಟ್ಟಿದೆವು. ಅವಳು ಗ್ಲೌಸ್ ಹಾಕಿಕೊಂಡು ನಿಂತಳು. ಕ್ಯಾಮೆರಾ ಎಂದಿನಂತೆ ಪ್ರತಿ ಶಾಟ್ ಬರೆದುಕೊಂಡಿತು.

ಆ ಮ್ಯಾಪ್ ನೋಡಿದಾಗ ಅವಳ ಬಗ್ಗೆಯೂ ಒಂದು ಸಂಗತಿ ಗೊತ್ತಾಯಿತು. ಬಲಕ್ಕೆ ಕೆಳಗಿನ ಬಾಲುಗಳಲ್ಲಿ ಹೆಚ್ಚಿನವು ಒಳಗೆ ಹೋಗಿದ್ದವು, ಎಡಕ್ಕೆ ತೀರಾ ಕಮ್ಮಿ. ವಿಡಿಯೋ ನಿಧಾನಕ್ಕೆ ಓಡಿಸಿದರೆ ಬಲಕ್ಕೆ ಹಾರುವ ಮುನ್ನ ಎಡಗಾಲನ್ನು ಒಂದು ಹೆಜ್ಜೆ ಹಿಂದಕ್ಕೆ ಇಡುತ್ತಾಳೆ. ಅಷ್ಟರಲ್ಲಿ ಬಾಲ್ ಹೋಗಿರುತ್ತದೆ. ನಾನು ಗೋಲಿನ ಮುಂದೆ ನಿಂತು ಇದನ್ನು ಯಾವತ್ತೂ ಕಂಡಿರಲಿಲ್ಲ. ಈಗ ವಾರದಲ್ಲಿ ಹೆಚ್ಚಿನ ದಿನ ಗೊಂಬೆ ಸ್ಟೋರ್ ರೂಮಿನಲ್ಲೇ ಇರುತ್ತದೆ. ಪೆನಾಲ್ಟಿ ಒದೆಯುವ ಹುಡುಗರು ಅವಳನ್ನು ಯಾಮಾರಿಸಲು ನೋಡುತ್ತಾರೆ, ಅವಳು ಅವರನ್ನು. ಶನಿವಾರ, ಭಾನುವಾರ ಗಿರಾಕಿಗಳಿಗಾಗಿ ಗೊಂಬೆ ಹೊರಗೆ ಬರುತ್ತದೆ.

ಒಂದು ವಿಷಯ ಮರೆಯುವ ಮೊದಲು. ಈ ಆ್ಯಪ್ ಕೇಳದೆಯೇ ಎಲ್ಲಾ ವಿಡಿಯೋ ಕಂಪನಿಯ ಸರ್ವರಿಗೆ ಕಳಿಸುತ್ತದೆ. ಮಕ್ಕಳ ಮುಖ ಇರುವ ವಿಡಿಯೋ. ಸೆಟ್ಟಿಂಗ್ಸ್ ಒಳಗೆ ಹುಡುಕಿ ಆಫ್ ಮಾಡಿ, ಅಪ್ಪ ಅಮ್ಮಂದಿರನ್ನು ಕೇಳದೆ ಏನನ್ನೂ ಇಟ್ಟುಕೊಳ್ಳಬೇಡಿ.

ವಾರ್ಷಿಕ ನಿರ್ವಹಣೆಯ ಒಪ್ಪಂದ ಮತ್ತೆ ಬರೆಸುವ ಸಮಯ ಬಂದಿದೆ. ಮೋಟಾರಿನ ಭಾಗ ಉದ್ಯಮಬಾಗ್‌ನವರು ನೋಡಿಕೊಳ್ಳುತ್ತಾರೆ, ನಮಗೆ ಕ್ಯಾಮೆರಾ ಮತ್ತು ಸಾಫ್ಟ್‌ವೇರ್‌ಗೆ ಮಾತ್ರ ರೇಟ್ ಕೊಡಿ ಅಂತ ಕೇಳಿದ್ದೇವೆ. ಅಂಥ ಪ್ಯಾಕೇಜ್ ಇಲ್ಲವಂತೆ. ಇನ್ನೂ ಚೌಕಾಸಿ ನಡೆದಿದೆ. ಸಿಕ್ಕರೆ ಇಲ್ಲೇ ಬರೆದು ತಿಳಿಸುತ್ತೇನೆ, ಸ್ಟಾರ್ ಕೂಡ ಒಂದು ಏರಿಸುತ್ತೇನೆ.