ವಿದ್ಯಾನಗರದ ಪೂಲ್ ಪಾರ್ಲರ್: ಟೇಬಲ್ ಛಲೋ ಅದಾವ, ರವಿವಾರದ ಟೂರ್ನಮೆಂಟ್ ಇನ್ನೂ ಛಲೋ ಐತಿ

ಹುಬ್ಬಳ್ಯಾಗ ಪೂಲ್ (ಕೋಲಿಲೆ ಬಾಲ್ ಹೊಡದು ಟೇಬಲ್ ಕುಳಿಯಾಗ ಬೀಳಿಸೋ ಆಟ) ಆಡೋ ಜಾಗ ಈಗ ಬೇಕಾದಷ್ಟು ಆಗ್ಯಾವ, ಕಾಲೇಜ್ ಇದ್ದ ಕಡೆ ಒಂದು ಕೆಫೆ, ಕೆಫೆ ಒಳಗ ಎರಡು ಟೇಬಲ್, ಜೋರ್ ಹಾಡು, ಮುಗೀತು. ವಿದ್ಯಾನಗರದಾಗ ಮೊದಲನೇ ಮಹಡಿ ಮ್ಯಾಲಿರೋ ಈ ಪಾರ್ಲರ್ ಬಗ್ಗೆ ಬರೀಬೇಕು ಅನ್ನಿಸ್ತು ಯಾಕಂದ್ರ ಇಲ್ಲೆ ಮಾಲಕರು ಟೇಬಲ್ ಬಾಡಿಗಿ ಎಣಿಸ್ಕೊಂತ ಕೂಡಂಗಿಲ್ಲ, ಆಟ ಕುಂತು ನೋಡೋ ಮಂದಿನ್ನ ತಯಾರ್ ಮಾಡಾಕತ್ತಾರ. ಪ್ರೊಫೆಷನಲ್ ಪೂಲ್‌ಗೆ ಎಲ್ಲಾ ಕಡೆ ಇರೋ ಕೊರತಿ ಅದ ನೋಡ್ರಿ, ಆಡೋರು ಊರೂರಿಗೆ ಸಿಗ್ತಾರ, ನೋಡೋರು ಸಿಗಂಗಿಲ್ಲ, ನೋಡೋರಿಲ್ಲ ಅಂದ್ರ ರೊಕ್ಕಾನೂ ಇಲ್ಲ.

ಮೊದಲ ಟೇಬಲ್ ವಿಷಯ ಹೇಳಿಬಿಡ್ತೀನಿ. ಪೂಲ್ ಟೇಬಲ್ ಮೂರು, ಮೂರೂ 9 ಫೂಟಿನವು, ದೊಡ್ಡ ಟೂರ್ನಮೆಂಟ್‌ದಾಗ ಇರೋ ಅಳತಿನ, ಜೊತಿಗೆ 12 ಫೂಟಿನ ಸ್ನೂಕರ್ ಟೇಬಲ್ ಒಂದು. ಬೇರೆ ಕಡೆ ಎಲ್ಲಾ 7 ಫೂಟಿನ ಸಣ್ಣ ಟೇಬಲ್ ಹಾಕ್ಕೊಂಡಿರ್ತಾರ, ಅದರಾಗ ಆಡಿ ಕಲ್ತವ್ರಿಗೆ ದೊಡ್ಡ ಟೇಬಲ್ ಮ್ಯಾಲೆ ಉದ್ದನ ಶಾಟ್ ಕೂಡಂಗಿಲ್ಲ. ಇಲ್ಲಿ ಬಟ್ಟಿ ತೆಳು, ನವಿರು, ಬಾಲ್ ಸರಾಗ ಓಡ್ತೈತಿ. ಮಧ್ಯಾನ ಹೋದ್ರ ಮಾಲಕರು ತಾವ ಬ್ರಶ್ ಹಿಡ್ಕೊಂಡು ಒಂದ ದಿಕ್ಕಿಗೆ ಸಾವಕಾಶ ಎಳೀತಿರ್ತಾರ, ಆಮ್ಯಾಲೆ ಒದ್ದಿ ಬಟ್ಟಿಲೆ ಒಂದೊಂದ ಬಾಲ್ ಒರಸ್ತಾರ, ಬಿಳೀ ಬಾಲ್ ಮ್ಯಾಲಿನ ನೀಲಿ ಚಾಕ್ ಕಲಿ ಹೋಗೋ ತನಕ ಬಿಡಂಗಿಲ್ಲ. ಕ್ಯೂ, ಅಂದ್ರ ಆಡೋ ಕೋಲು, ಮಾತ್ರ ಸಾಧಾರಣ, ಹತ್ತು ತಗದ್ರ ಮೂರಕ್ಕ ಟಿಪ್ ಸವದಿರ್ತೈತಿ, ನಿಮ್ಮದು ಇದ್ರ ನಿಮ್ಮದ ಒಯ್ಯಿರಿ. ತಾಸಿಗೆ 180 ರೂಪಾಯಿ, ಈ ಬಟ್ಟಿಗೆ ಈ ರೇಟ್ ನ್ಯಾಯ ಐತಿ.

ಇನ್ನ ರವಿವಾರದ ಟೂರ್ನಮೆಂಟ್. ಆಟ ನೈನ್ ಬಾಲ್ (1ರಿಂದ 9ರ ತನಕ ನಂಬರ್ ಇರೋ ಬಾಲ್, ಸಣ್ಣ ನಂಬರ್‌ಗೆ ಮೊದಲ ಹೊಡೀಬೇಕು), 16 ಮಂದಿ, ಮೊದಲ 5 ಗೇಮ್ ಗೆದ್ದವ ಮುಂದ ಹೋಗ್ತಾನ, ಬ್ರೇಕ್, ಅಂದ್ರ ಗೇಮಿನ ಮೊದಲ ಹೊಡತ, ಒಬ್ಬರಾದ ಮ್ಯಾಲೆ ಒಬ್ಬರದು, ಒಂದು ಶಾಟ್‌ಗೆ 30 ಸೆಕೆಂಡ್, ಟೈಮ್ ನೋಡ್ಕೊಳ್ಳಾಕ ಫೋನ್ ಹಿಡ್ಕೊಂಡು ಒಬ್ಬ ಹುಡುಗ ನಿಂತಿರ್ತಾನ. ಮುಖ್ಯ ಅಂದ್ರ ಹ್ಯಾಂಡಿಕ್ಯಾಪ್ ಐತಿ, ಕಡಿಮಿ ಆಡೋರಿಗೆ ಒಂದೋ ಎರಡೋ ಗೇಮ್ ಮೊದಲ ಕೊಟ್ಟು ಶುರು ಮಾಡ್ತಾರ. ಅಮೆರಿಕಾದಾಗ ಎಪಿಎ ಅಂತ ಹವ್ಯಾಸಿಗಳ ಲೀಗ್ ಐತಿ, ಲಕ್ಷಗಟ್ಲೆ ಮೆಂಬರ್ ಇರೋದು, ಅದು ಅಷ್ಟು ಬೆಳೆದದ್ದು ಇಂಥಾ ಹ್ಯಾಂಡಿಕ್ಯಾಪ್ ಇಟ್ಟ ಮ್ಯಾಲ, ಯಾಕಂದ್ರ ವಾರಾ ವಾರಾ ಸೋತು ಮನೀಗೆ ಹೋಗಾಕ ಯಾರೂ ರೊಕ್ಕ ಕೊಡಂಗಿಲ್ಲ.

ಹೋದ ತಿಂಗಳ ನೋಡಿದ ಒಂದು ಮ್ಯಾಚ್ ಹೇಳ್ತೀನಿ. ಒಂದ್ಕಡೆ ಡಿಪ್ಲೊಮಾ ಓದೋ ಹುಡುಗ, ಇನ್ನೊಂದ್ಕಡೆ ಕೊಪ್ಪಿಕರ್ ರೋಡ್ ಕಡೆ ಅಂಗಡಿ ಇರೋ ಕಾಕಾ ಒಬ್ರು, ಸ್ನೂಕರ್‌ದಾಗ ಪಳಗಿದ ಕೈ. ಹುಡುಗಗ 2-0 ಕೊಟ್ಟು ಶುರು ಆತು, ಕಾಕಾ ಬೆನ್ನ ಹತ್ತಿ ಬಂದು 4-4 ಮಾಡಿದ್ರು. ಕಡೀ ಗೇಮ್‌ದಾಗ 7, 8, 9 ಉಳಿದಿದ್ವು, ಕಾಕಾ ಬಿಳೀ ಬಾಲ್ ಒಯ್ದು 9ರ ಹಿಂದ ಮುಚ್ಚಿಟ್ರು, 7ಕ್ಕ ನೇರ ದಾರಿನ ಇಲ್ಲ. ಹುಡುಗ ಟೇಬಲ್‌ಗೆ ಒಂದು ಸುತ್ತ ಹಾಕ್ದ, ಹತ್ತು ಸೆಕೆಂಡ್ ಉಳಿದಾವ ಅಂತ ಫೋನ್ ಬೀಪ್ ಅಂತು, ಬಿಳೀ ಬಾಲ್ ಎರಡು ಕುಶನ್‌ಗೆ (ಟೇಬಲ್ ಅಂಚಿಗೆ) ಬಡಿಸಿ ತಂದು 7ಕ್ಕ ಮುಟ್ಟಿಸಿದ, ಅದು ಉರುಳಿ ಹೋಗಿ ಕುಶನ್‌ಗೆ ಅಂಟ್ಕೊಂಡು ನಿಂತ್ತು. ಕಾಕಾಗ ಉಳಿದದ್ದು ಬಾಳ ತೆಳುವಾದ ಕಟ್, ತಪ್ಪಿತು. ಆಮ್ಯಾಲೆ ಹುಡುಗ 7, 8, 9 ಮೂರೂ ಹಾಕಿದ. ಹುಡುಗನ ತಾಯಿ ಅವತ್ತ ಮೊದಲನೇ ಸಲ ನೋಡಾಕ ಬಂದಿದ್ರು, ಪೂಲ್‌ದ ಗಂಧಗಾಳಿ ಗೊತ್ತಿಲ್ಲ, ಆದ್ರ 9 ಬಿದ್ದ ಕೂಡ್ಲೆ ಎಲ್ಲಾರಕಿಂತ ಮೊದಲ ಚಪ್ಪಾಳಿ ಹೊಡದವ್ರು ಅವರ.

ನೈನ್ ಬಾಲ್ ಟಿವಿಗೆ ಒಗ್ಗೂದು ಇದಕ್ಕ ರೀ. ಟೇಬಲ್ ಮ್ಯಾಲೆ ಯಾವ ನಂಬರ್ ಸಣ್ಣದೈತಿ ಅದಕ್ಕ ಮೊದಲ ಹೊಡೀಬೇಕು, 9 ಬೀಳಿಸಿದವ ಗೆದ್ದ, ಎರಡ ಮಾತಿನಾಗ ಹೇಳಿ ಮುಗಸಬಹುದು. ಬಿಲಿಯರ್ಡ್ಸ್ ಹಂಗಲ್ಲ. ವಿಲ್ಸನ್ ಜೋನ್ಸ್ 1958ರಾಗ ಕೋಲ್ಕತ್ತಾದಾಗ ಬಿಲಿಯರ್ಡ್ಸ್ ವರ್ಲ್ಡ್ ಚಾಂಪಿಯನ್ ಆದ್ರು, ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್ ಸ್ನೂಕರ್ ಕೂಡಿಸಿ 25ರ ಮ್ಯಾಲೆ ವಿಶ್ವ ಪ್ರಶಸ್ತಿ ಗೆದ್ದಾರ, ಇಷ್ಟಾಗಿನೂ ಅಡ್ವಾಣಿ ಅವರ ಒಂದು ಪೂರಾ ಮ್ಯಾಚ್ ಕುಂತು ನೋಡೀನಿ ಅನ್ನೋರು ನಮ್ಮ ಗೆಳೆಯರ ಪೈಕಿ ಒಬ್ರೂ ಇಲ್ಲ. ಹೆಸರು ಎಲ್ಲಾರಿಗೂ ಗೊತ್ತು, ಆಟ ಯಾರೂ ನೋಡಿಲ್ಲ. ಕಬಡ್ಡಿನೂ ಮೊದಲ ಇದ ಸ್ಥಿತಿಯಾಗ ಇತ್ತು, 2014ಕ್ಕ ಪ್ರೊ ಕಬಡ್ಡಿ ಬಂದು ಮ್ಯಾಟ್ ಹಾಸಿ, ಲೈಟ್ ಹಾಕಿ, ರೇಡ್‌ಗೆ 30 ಸೆಕೆಂಡ್ ಗಡಿಯಾರ ಕಟ್ಟಿದ ಮ್ಯಾಲೆ ಮನಿ ಮಂದೆಲ್ಲಾ ಟಿವಿ ಮುಂದ ಕೂಡೋಹಂಗಾತು. ಪೂಲ್‌ಗೂ ಆ 30 ಸೆಕೆಂಡ್ ಬೇಕು, ಈ ಪಾರ್ಲರ್‌ದವ್ರು ಅದನ್ನ ಕಟ್ಟುನಿಟ್ಟಾಗಿ ಇಟ್ಟಾರ, ಟೈಮ್ ಮುಗೀತಂದ್ರ ಫೌಲ್, ದೋಸ್ತಿ ಗೀಸ್ತಿ ಇಲ್ಲ.

ಈಗ ರೊಕ್ಕದ ಮಾತು. ಎಂಟ್ರಿ 300, 16 ಮಂದಿ, ಒಟ್ಟು 4800. ಗೆದ್ದವಗ 2000, ರನ್ನರ್‌ಗೆ 1000, ಸೆಮಿಯಾಗ ಸೋತ ಇಬ್ಬರಿಗೆ 500-500, ಉಳಿದ 800 ಪಾರ್ಲರ್‌ಗೆ. ಲೆಕ್ಕ ಗೋಡಿ ಮ್ಯಾಲೆ ಬರದಿರ್ತಾರ, ಅದು ನನಗ ಬಾಳ ಸೇರ್ತು. ಆದ್ರ ನೋಡ್ರಿ, ಇದು ಆಡೋರ ಕಿಸೆದಾಗಿನ ರೊಕ್ಕ ಆಡೋರ ಕಿಸೆಕ್ಕ ಹೋದಂಗ, ಹೊರಗಿಂದ ಒಂದು ಪೈಸಾ ಬರಲಿಲ್ಲ, ಪ್ರೊಫೆಷನಲ್ ಪೂಲ್‌ನೂ ಬಾಳ ವರ್ಷ ಹಿಂಗ ಎಂಟ್ರಿ ಫೀ ನೆಚ್ಚಿಕೊಂಡು ಕುಂಟಿಕೋಂತ ಬಂತು. ಮ್ಯಾಚ್‌ರೂಮ್ ಅನ್ನೋ ಇಂಗ್ಲೆಂಡಿನ ಕಂಪನಿ 1994ರಾಗ ಯುರೋಪ್ ವಿರುದ್ಧ ಅಮೆರಿಕಾ ಅಂತ ಮೊಸ್ಕೋನಿ ಕಪ್ ಶುರು ಮಾಡ್ತು, ಅಲ್ಲೆ ಪ್ರೇಕ್ಷಕರು ಕೂಗಿ ಗದ್ದಲ ಹಾಕಿದ್ರ ಯಾರೂ ಸುಮ್ನಿರ್ರಿ ಅನ್ನಂಗಿಲ್ಲ, ಪೂಲ್‌ನ್ನೂ ಟಿಕೆಟ್ ತಗೊಂಡು ನೋಡ್ತಾರ ಅಂತ ತೋರಿಸಿದ್ದು ಅದ. 2024ರಾಗ ಸೌದಿಯ ಜೆಡ್ಡಾದಾಗ ವರ್ಲ್ಡ್ ಪೂಲ್ ಚಾಂಪಿಯನ್‌ಶಿಪ್ ಆದಾಗ ಒಟ್ಟು ಬಹುಮಾನ 10 ಲಕ್ಷ ಡಾಲರ್, ಗೆದ್ದ ಫೆಡರ್ ಗೋರ್ಸ್ಟ್‌ಗೆ ಎರಡೂವರೆ ಲಕ್ಷ ಡಾಲರ್, ಅಂದ್ರ ಸುಮಾರು ಎರಡು ಕೋಟಿ ರೂಪಾಯಿ. ಫೈನಲ್ 15-14, ಕಡೀ ರ‍್ಯಾಕ್ ತನಕ ಹೋಗಿತ್ತು. ಸ್ನೂಕರ್ ವಿಶ್ವ ಚಾಂಪಿಯನ್‌ಗೆ ಸಿಗೋದು 5 ಲಕ್ಷ ಪೌಂಡ್, ಐದು ಕೋಟಿ ಮ್ಯಾಲೆ, ಅಂದ್ರ ಪೂಲ್ ಇನ್ನೂ ಅರ್ಧ ದಾರಿನೂ ಮುಟ್ಟಿಲ್ಲ. ಮ್ಯಾಲಾಗಿ ಸೌದಿ ರೊಕ್ಕ ಒಂದನ್ನ ನಂಬಿ ಕೂಡೂದು ನನಗೇನು ಸರಿ ಕಾಣಂಗಿಲ್ಲ, ಅವರು ಕೈ ತಗದ್ರ ಏನು ಗತಿ?

ನಮ್ಮ ದೇಶದಾಗೂ 2017ಕ್ಕ ಅಹಮದಾಬಾದ್‌ದಾಗ ಕ್ಯೂ ಸ್ಲ್ಯಾಮ್ ಅಂತ ಲೀಗ್ ಆತು, ಐದು ಫ್ರಾಂಚೈಸಿ ಟೀಮ್, ಟಿವಿಯಾಗೂ ಬಂತು, ಆದ್ರ ಐಪಿಎಲ್ ಗತೆ ಬೇರೂರಲಿಲ್ಲ. ನನ್ನ ಪ್ರಕಾರ ಕಾರಣ ಇಷ್ಟ, ಮ್ಯಾಲೆ ಲೀಗ್ ಇತ್ತು, ಕೆಳಗ ಊರೂರಿನ ರವಿವಾರದ ಟೂರ್ನಮೆಂಟ್ ಇರಲಿಲ್ಲ. ಫಿಲಿಪೈನ್ಸ್‌ದಾಗ ಓಣಿ ಓಣಿಯಾಗ ಟೇಬಲ್ ಅದಾವ, ಅಲ್ಲಿಂದ 1999ಕ್ಕ ಎಫ್ರೆನ್ ರೆಯಸ್ ವರ್ಲ್ಡ್ ಚಾಂಪಿಯನ್ ಆದ್ರು, 2025ಕ್ಕ ಕಾರ್ಲೊ ಬಿಯಾಡೊ ಆದ್ರು, ನೋಡೋ ಮಂದಿನೂ ಆ ಓಣಿಯಾಗ ಹುಟ್ಟಿದವ್ರು.

ಈ ಪಾರ್ಲರ್‌ದವ್ರು ಸೆಮಿ ಮತ್ತ ಫೈನಲ್ ಯೂಟ್ಯೂಬ್‌ದಾಗ ಲೈವ್ ಬಿಡ್ತಾರ, ಟೇಬಲ್ ಮ್ಯಾಲೆ ಪೈಪಿಗೆ ಒಂದು ಫೋನ್ ಕಟ್ಟ್ಯಾರ, ಮೂಲ್ಯಾಗ ಇನ್ನೊಂದು, ಕಾಮೆಂಟ್ರಿ ಮಾಡೋ ಇಬ್ಬರು ಹುಡುಗ್ರು ನಮ್ಮ ಹುಬ್ಬಳ್ಳಿ ಮಾತಿನಾಗ ಮಾಡ್ತಾರ. "ಬಾಯಿ ಮ್ಯಾಲ ನಿಂತೈತಿ ನೋಡ್ರಿ, ಊದಿದ್ರ ಬೀಳ್ತೈತಿ" ಅಂತ ಅವರು ಅಂದ್ರ ಮನ್ಯಾಗ ಕುಂತವ್ರೂ ನಗ್ತಾರ, ಆಟಾನೂ ತಿಳೀತೈತಿ. ಲೈವ್ ಶುರು ಆದ ಮ್ಯಾಲ ಬಾಜೂಕಿನ ಮೊಬೈಲ್ ಅಂಗಡಿಯವ್ರು 3000 ರೂಪಾಯಿ ಮ್ಯಾಲೆ ಹಾಕಿ ತಮ್ಮ ಹೆಸರು ಸ್ಕೋರ್ ಪಕ್ಕ ತೋರಸ್ರಿ ಅಂದ್ರು. ಆ 3000 ನೋಡಿ ನನಗ ಆದ ಖುಷಿ ಜೆಡ್ಡಾದ 10 ಲಕ್ಷ ಡಾಲರ್ ಓದಿದಾಗ ಆಗಿರಲಿಲ್ಲ, ಯಾಕಂದ್ರ ನಮ್ಮ ಊರಾಗ ಪೂಲ್‌ಗೆ ಹೊರಗಿಂದ ಬಂದ ರೊಕ್ಕ ಅಂತ ನಾ ಕಣ್ಣಾರೆ ನೋಡಿದ್ದು ಅದ ಮೊದಲು.

ಸರಿ ಮಾಡ್ಕೋಬೇಕಾದ್ದೂ ಐತಿ, ಮುಚ್ಚಿಡಂಗಿಲ್ಲ. ಮೆಟ್ಟಲದಾಗ ಸಿಗರೇಟ್ ಹೊಗಿ, ಒಳಗ ಸೇದಬಾರ್ದು ಅಂತ ಬೋರ್ಡ್ ಐತಿ, ಹಿಂಗಾಗಿ ಎಲ್ಲಾರೂ ಬಾಗಲದಾಗ ನಿಂತು ಸೇದ್ತಾರ. ಹುಡುಗ್ಯಾರು, ಮನಿ ಮಂದಿ ಆ ಹೊಗಿ ದಾಟಿ ಮ್ಯಾಲೆ ಬರಬೇಕು, ಎಷ್ಟು ಮಂದಿ ಬರ್ತಾರ ಹೇಳ್ರಿ? ಬೆಂಗಳೂರಿನ ವಿದ್ಯಾ ಪಿಳ್ಳೈ 2017ರಾಗ ಸಿಂಗಪುರದಾಗ ಮಹಿಳಾ ವರ್ಲ್ಡ್ ಸ್ನೂಕರ್ ಫೈನಲ್ ತನಕ ಹೋಗಿ 6-5ಕ್ಕ ಸೋತವ್ರು, ಅಂಥಾವ್ರು ಇರೋ ರಾಜ್ಯದಾಗ ರವಿವಾರದ 16 ಹೆಸರಿನಾಗ ಒಂದೂ ಹುಡುಗಿ ಹೆಸರಿಲ್ಲ ಅಂದ್ರ ಅದು ಹುಡುಗ್ಯಾರ ತಪ್ಪಲ್ಲ. ಆರು ತಿಂಗಳ ಹುಡುಗ್ಯಾರಿಗೆ ಎಂಟ್ರಿ ಫೀ ಬಿಟ್ಟು ನೋಡ್ರಿ, ಬೇಕಾದ್ರ ಮುಂಜಾನಿ ಎರಡು ತಾಸು ಅವರಿಗಂತನ ಇಡ್ರಿ. ಕುರ್ಚಿನೂ ಕಡಿಮಿ, ನೋಡಾಕ ಬಂದವ್ರು ಗೋಡಿಗೆ ಒರಗಿ ನಿಂದರಬೇಕು, ಎರಡು ಬೆಂಚ್ ಹಾಕಿದ್ರ ಚಹಾ, ಮಿರ್ಚಿ ಭಜಿ ವ್ಯಾಪಾರನೂ ಆಗ್ತೈತಿ. ಇನ್ನ ಗೋಡಿ ಮ್ಯಾಲಿನ ದೊಡ್ಡ ಟಿವಿಯಾಗ ಇಡೀ ದಿನ ಹಳೇ ಕ್ರಿಕೆಟ್ ಮ್ಯಾಚ್, ಪೂಲ್ ಪಾರ್ಲರ್‌ದಾಗ ಪೂಲ್ ತೋರಿಸ್ಲಿಲ್ಲಂದ್ರ ಮತ್ತೆಲ್ಲಿ ತೋರಸ್ತೀರಿ ಮಾಲಕರ? ಮ್ಯಾಚ್‌ರೂಮ್‌ದವ್ರು ಎಷ್ಟೋ ಮ್ಯಾಚ್ ಯೂಟ್ಯೂಬ್‌ದಾಗ ಫ್ರೀ ಬಿಡ್ತಾರ, ಅದನ್ನ ಹಚ್ರಿ, ಡಿಸೆಂಬರ್‌ದಾಗ ಮೊಸ್ಕೋನಿ ಕಪ್ ಬಂದಾಗ ಎಲ್ಲಾರ್ನೂ ಕರದು ಕೂಡಸ್ರಿ.

ಒಂದು ವಿಷಯಕ್ಕ ಮಾಲಕರಿಗೆ ಪೂರಾ ಮಾರ್ಕ್ಸ್, ಬೆಟ್ಟಿಂಗ್ ಕಟ್ಟಿದ್ದು ಕಂಡ್ರ ಆಟ ನಿಲ್ಲಿಸಿ ಹೊರಗ ಕಳಸ್ತಾರ, ಎಷ್ಟ ಹಳೇ ಗಿರಾಕಿ ಇದ್ರೂ ಸೈತ. ಗಿರಾಕಿ ಕಳ್ಕೊಂಡಾರ ಇದರಿಂದ, ಆದ್ರೂ ಬಿಟ್ಟಿಲ್ಲ. ಮೊಬೈಲ್ ಅಂಗಡಿಯವ್ರು ಹೆಸರು ಕೊಡಾಕ ಒಪ್ಪಿದ್ದೂ ಇದಕ್ಕ ಅಂತ ಅವರ ಹೇಳಿದ್ರು.

5ಕ್ಕ 4 ಕೊಡ್ತೀನಿ, ಹೊಗಿ ಬಂದಾದ ದಿವಸ ಇನ್ನೊಂದು. ಟೂರ್ನಮೆಂಟ್‌ಗೆ ಹೆಸರು ಶನಿವಾರ ಸಂಜಿ ಒಳಗ ಬರಸ್ರಿ, 16 ತುಂಬಿದ್ರ ಮುಂದಿನ ವಾರ. ನೋಡಾಕ ರೊಕ್ಕ ಇಲ್ಲ, ರವಿವಾರ ನಾಕು ಗಂಟೆಕ್ಕ ಶುರು, ಧಾರವಾಡದಿಂದ ಬರೋರು ಚಿಗರಿ ಬಸ್ಸಿಗೆ ಬರ್ರಿ, ಬಂಡಿ ನಿಲ್ಸಾಕ ಅಲ್ಲಿ ಜಾಗ ಇಲ್ಲ.